ಸಕ್ಕರೆ ಅಚ್ಚು

ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲದ ಜೊತೆ ಬೀರಲು, ಪಾಕವನ್ನು ಮರದ ಅಚ್ಚಿಗೆ ಹೊಯ್ದು ಮಾಡುವ ಮಿಠಾಯಿಯೇ ಸಕ್ಕರೆ ಅಚ್ಚು. ಹೊಯ್ಯುವ ಮರಕ್ಕೂ ಅಚ್ಚು ಎಂದೇ ಹೆಸರು, ಹೊರಬರುವ ಸಕ್ಕರೆಗೂ ಅದೇ ಹೆಸರು. ಆದ್ದರಿಂದ ‘ಅಚ್ಚು ತೊಳೆದಿಡು’ ಎಂದು ಅತ್ತೆ ಹೇಳಿದರೆ, ಯಾವುದನ್ನು ಎಂದು ಹೊಸ ಸೊಸೆ ಒಮ್ಮೆ ಕೇಳಿಕೊಳ್ಳುವುದು ಕ್ಷೇಮ.

ಮರದ ಅಚ್ಚಿಗೆ ಎರಡು ಅಥವಾ ಮೂರು ಹೋಳುಗಳಿರುತ್ತವೆ. ಆನೆ, ಗಿಳಿ, ಮೀನು, ಹುಂಜ, ತುಳಸಿಕಟ್ಟೆಗಳನ್ನು ಅದರೊಳಗೆ ಕೊರೆದಿರುತ್ತಾರೆ. ವರ್ಷವಿಡೀ ಅಟ್ಟದಲ್ಲಿದ್ದ ಇವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಣ ಮರ ಪಾಕದ ತೇವ ಹೀರಿ ಅಚ್ಚನ್ನು ಬಿಟ್ಟುಕೊಡುವುದಿಲ್ಲ. ಮರುದಿನ ನೀರು ಒರೆಸಿ, ಜೋಡಿ ನೋಡಿ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಜೋಡಿ ತಪ್ಪಿದರೆ ಮುಂದೆ ಆನೆ, ಹಿಂದೆ ಹುಂಜ ಇರುವ ಪ್ರಾಣಿ ಹುಟ್ಟುತ್ತದೆ.

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಒಲೆಯ ಮೇಲಿಟ್ಟು, ಕುದಿ ಬಂದಾಗ ಸ್ವಲ್ಪ ಹಾಲು ಬಿಡುತ್ತಾರೆ. ಹಾಲು ಒಡೆದು, ಕೊಳೆಯನ್ನು ಅಪ್ಪಿಕೊಂಡು ನೊರೆಯಾಗಿ ಮೇಲೆ ತೇಲುತ್ತದೆ. ಅದನ್ನು ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸಬೇಕು. ಅಷ್ಟು ಬೆಳ್ಳಗಿದ್ದ ಸಕ್ಕರೆಯಿಂದ ಇಷ್ಟು ಕೊಳೆ ಬಂತೇ ಎಂದು ಪ್ರತಿ ವರ್ಷವೂ ಅಚ್ಚರಿಪಡುವುದು ಈ ಹಂತದ ಕಡ್ಡಾಯ ಭಾಗ.

ಮುಂದಿನದು ಹದ. ಸೋಸಿದ ಪಾಕವನ್ನು ಒಂದೆರಡು ಸೌಟಿನಷ್ಟೇ ಚಿಕ್ಕ ಪಾತ್ರೆಗೆ ಹಾಕಿ ಕಾಯಿಸಿ, ಎಳೆ ಬಂದೊಡನೆ ಸೌಟಿನ ಬೆನ್ನಿನಿಂದ ಪಾತ್ರೆಯ ಅಂಚಿಗೆ ತಿಕ್ಕಬೇಕು. ಇದರ ಹಿಂದಿನ ವಿಜ್ಞಾನ ಸರಳ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಂಡರೆ, 100 ಡಿಗ್ರಿಯಲ್ಲಿ 480 ಗ್ರಾಂಗೂ ಹೆಚ್ಚು ಕರಗಿಸಿಕೊಳ್ಳುತ್ತದೆ. ಪಾಕ ಆರುತ್ತಿದ್ದಂತೆ ಹೆಚ್ಚಾದ ಸಕ್ಕರೆ ಹರಳಾಗಲು ಹವಣಿಸುತ್ತದೆ. ಆಗ ತಿಕ್ಕಿದರೆ ಹರಳುಗಳು ಅಸಂಖ್ಯವಾಗಿ, ಬಲು ಸಣ್ಣದಾಗಿ ಮೂಡಿ, ಬೆಳಕನ್ನು ಚದುರಿಸಿ, ತಿಳಿಯಾಗಿದ್ದ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಹೊಯ್ಯಬೇಕಾದದ್ದು ಆ ಗಳಿಗೆಯಲ್ಲೇ. ಗಳಿಗೆ ಯಾವುದೆಂದು ಕೇಳಿದರೆ ಹಿರಿಯರು ‘ನೋಡಿದರೆ ಗೊತ್ತಾಗುತ್ತೆ’ ಎನ್ನುತ್ತಾರೆ. ಇದಕ್ಕಿಂತ ನಿಖರವಾದ ಅಳತೆ ಈವರೆಗೆ ಯಾವ ಅಡುಗೆಮನೆಗೂ ಸಿಕ್ಕಿಲ್ಲ.

ಮುಂಚೆ ಹೊಯ್ದರೆ ಪಾಕ ಅಚ್ಚಿನ ಸಂದಿಯಿಂದ ಸೋರಿ ಇರುವೆಗಳಿಗೆ ಹಬ್ಬವಾಗುತ್ತದೆ. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗಿ, ಆನೆಯ ಬದಲು ಪಾತ್ರೆಯ ತಳದ ಅಚ್ಚು ಸಿಗುತ್ತದೆ. ಬೆಳ್ಳಗಾಗಲೆಂದು ಹಿಂಡುವ ನಿಂಬೆರಸ ಹೆಚ್ಚಾದರೂ ಕೆಲಸ ಕೆಟ್ಟಿತು. ಹುಳಿ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ; ಅವು ಹರಳು ಕಟ್ಟಲು ಬಿಡುವುದಿಲ್ಲ. ಗಟ್ಟಿಯಾದದ್ದಕ್ಕೆ ನೀರು ಹಾಕಿ ಮತ್ತೆ ಕಾಯಿಸಬಹುದು, ನಿಂಬೆ ಮೀರಿದ್ದನ್ನು ಪಾನಕಕ್ಕೆ ಕಳಿಸಬೇಕು. ಇಂಥ ಮನೆಗಳಲ್ಲಿ ಸಂಕ್ರಾಂತಿ ಕಳೆದರೂ ಪಾನಕ ಮುಗಿಯುವುದಿಲ್ಲ.

ಹೊಯ್ದ ಕೆಲವೇ ನಿಮಿಷಗಳಲ್ಲಿ ಅಚ್ಚು ಬಿಚ್ಚಬಹುದು. ಇದು ಮನೆಯವರೆಲ್ಲ ಉಸಿರು ಬಿಗಿಹಿಡಿಯುವ ಹೊತ್ತು. ಆನೆಯ ಸೊಂಡಿಲು, ಗಿಳಿಯ ಕೊಕ್ಕು, ಹುಂಜದ ಬಾಲ ಮರದಲ್ಲೇ ಉಳಿಯುವುದು ಸಾಮಾನ್ಯ. ಸುತ್ತ ಕೂತ ಮಕ್ಕಳು ಸೊಂಡಿಲು ಮುರಿಯಲೆಂದೇ ಹರಕೆ ಹೊತ್ತಿರುತ್ತಾರೆ, ಏಕೆಂದರೆ ಮುರಿದದ್ದು ಅವರ ಪಾಲು.

ಮುರಿಯದೆ ಬಂದವು ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆಗಳ ಜೊತೆ ಕಬ್ಬು, ಬಾಳೆಹಣ್ಣು ಇಟ್ಟ ತಟ್ಟೆಯೇರಿ ಬೀದಿಗಿಳಿಯುತ್ತವೆ. ಮೂರನೆಯ ಮನೆಗೆ ಕೊಟ್ಟ ಆನೆ ಏಳನೆಯ ಮನೆಯ ತಟ್ಟೆಯಲ್ಲಿ ವಾಪಸು ಬರುವುದುಂಟು. ತನ್ನದೆಂದು ಗುರುತು ಸಿಕ್ಕಿದರೂ ಹೇಳುವಂತಿಲ್ಲ, ಅಂದು ಒಳ್ಳೆಯ ಮಾತನ್ನೇ ಆಡಬೇಕು. ಬಂದ ಆನೆಯೂ ಮುರಿಯದೆ ಮುಂದಿನ ಮನೆಗೆ ಹೋಗುತ್ತದೆ. ಹೀಗಾಗಿ ಅಚ್ಚು ಹೊಯ್ದವರ ಬಾಯಿಗೆ ಇಡೀ ಆನೆ ಬೀಳುವುದು ಅಪರೂಪ. ಅವರಿಗೆ ಸಿಗುವುದು ಸೊಂಡಿಲು, ಅದೂ ಮಕ್ಕಳು ಬಿಟ್ಟರೆ.