ಆರುತ್ತಿರುವ ಬೆಂಕಿಯ ರಸಿಕರಿಗೆ

ಮಾನ್ಯ ಫ್ಲೇಕ್ ರಸಿಕ ಮಹಾಶಯರೇ,

ಇತ್ತ ನಾನು ಕ್ಷೇಮ. ಹಳೆಯ ಕಾಗದಗಳ ರೂಢಿಯಂತೆ ‘ತಮ್ಮ ಕ್ಷೇಮಕ್ಕೆ ಆಗಾಗ್ಗೆ ಬರೆಯುತ್ತಿರಿ’ ಎಂದು ಮುಂದುವರಿಸಬೇಕಿತ್ತು. ಹೊಗೆ ಸೇದುವವರಿಗೆ ಹಾಗೆ ಬರೆದರೆ ಅಣಕವಾದೀತೆಂದು ಹೆದರಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ಯುಗಾದಿಗೆ ಇಂಗ್ಲೆಂಡಿನಿಂದ ಬಂದ ನನ್ನ ಭಾವಮೈದುನ ಫ್ಲೇಕ್ ಎಂಬ ಪೈಪ್ ಹೊಗೆಸೊಪ್ಪಿನ 50 ಗ್ರಾಮಿನ ಎರಡು ತಗಡಿನ ಡಬ್ಬಿಗಳನ್ನೂ ಒಂದು ಬ್ರಯರ್ ಪೈಪನ್ನೂ ನನ್ನ ಕೈಗಿಟ್ಟ. ‘ಸಿಗರೇಟು ಬಿಟ್ಟು ಹನ್ನೆರಡು ವರ್ಷವಾಯ್ತಪ್ಪ’ ಎಂದೆ. ‘ಭಾವ, ಅದು ಚಟ. ಇದು ಅಭಿರುಚಿ’ ಎಂದ. ಡಬ್ಬಿಯ ಬೆಲೆ ಕೇಳಿದ ಮೇಲೆ ಎರಡಕ್ಕೂ ಇರುವ ವ್ಯತ್ಯಾಸ ಅರ್ಥವಾಯಿತು.

ನಮ್ಮದು ಪಿರಿಯಾಪಟ್ಟಣದ ಕಡೆ. ಹೊಗೆಸೊಪ್ಪು ನಮ್ಮ ಮನೆಯ ಮಕ್ಕಳ ಫೀಸು ಕಟ್ಟಿದೆ, ಮದುವೆ ಮಾಡಿಸಿದೆ, ಸಾಲವನ್ನೂ ಮಾಡಿಸಿದೆ. ಆದರೆ ಅದಕ್ಕೊಂದು ರುಚಿಯಿದೆ, ಆ ರುಚಿಯನ್ನು ಬಿಡಿಸಿ ಹೇಳುವ ಪಂಡಿತರಿದ್ದಾರೆ ಎಂಬುದು ನನಗೆ ತಿಳಿದದ್ದು ಐವತ್ತೆಂಟನೇ ವಯಸ್ಸಿನಲ್ಲಿ. ಇಷ್ಟು ತಡವಾಗಿ ದೀಕ್ಷೆ ಪಡೆದವನ ಅನುಮಾನಗಳನ್ನು ತಾವು ಮನ್ನಿಸಬೇಕು.

ಡಬ್ಬಿಯ ಸಂದಿಗೆ ಎರಡು ರೂಪಾಯಿ ನಾಣ್ಯ ತೂರಿಸಿ ತಿರುಗಿಸಿದೆ. ಉಸ್ಸೆಂದು ಗಾಳಿ ಎಳೆದುಕೊಂಡು ಮುಚ್ಚಳ ಬಿಟ್ಟಿತು. ಒಳಗೆ ಒಂದರ ಮೇಲೊಂದು ಕೂತ ಕಂದು ಬಿಲ್ಲೆಗಳು. ಮಲೆನಾಡಿನವರಾಗಿದ್ದರೆ ಮಾವಿನ ಮಾಂಬಳವೆಂದುಕೊಂಡು ಬಾಯಿಗಿಟ್ಟುಬಿಡುತ್ತಿದ್ದರು. ಮೂಸಿದರೆ ಒಣದ್ರಾಕ್ಷಿ, ಮಳೆ ಕಾಣದ ಹುಲ್ಲುಮೆದೆ, ಎಲ್ಲೋ ದೂರದಲ್ಲಿ ಆಲೆಮನೆ. ಸುಳ್ಳು ಹೇಳಲಾರೆ, ನನ್ನ ಮೂಗು ಸೋತಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಪತ್ರ ಹುಟ್ಟುತ್ತಿರಲಿಲ್ಲ.

ನಿಮ್ಮ ಈ ಫ್ಲೇಕ್ ಮತದ ಕಾಶಿ ಕೆಂಡಲ್ ಎಂಬ ಊರಂತೆ. ಹೆಸರಿನಲ್ಲೇ ಕೆಂಡವಿದೆ, ಇನ್ನೇನು ಬೇಕು! ಇಂಗ್ಲೆಂಡಿನ ವಾಯವ್ಯದಲ್ಲಿ, ಸರೋವರಗಳ ಸೀಮೆಗೆ ಹೋಗುವ ದಾರಿಯ ಬಾಗಿಲಲ್ಲಿದೆ. 1792ರಲ್ಲಿ, ಅಂದರೆ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನಿಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಿಟ್ಟ ವರ್ಷ, ಥಾಮಸ್ ಹ್ಯಾರಿಸನ್ ಎಂಬಾತ ಗ್ಲಾಸ್ಗೋದಿಂದ ನಶ್ಯ ಅರೆಯುವ ವಿದ್ಯೆಯನ್ನು ಆ ಊರಿಗೆ ತಂದ. ಆ ಬೇರಿನಿಂದ ಸ್ಯಾಮ್ಯುಯೆಲ್ ಗಾವಿತ್ ಎಂಬ ಹೆಸರಿನ ಕಂಪನಿ ಬೆಳೆಯಿತು. ಅದೇ ಮನೆತನದಿಂದ ಕವಲೊಡೆದ ಗಾವಿತ್ ಹಾಗರ್ತ್ 2015ರಲ್ಲಿ ಹಳೆಯ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ತಲೆಮಾರುಗಳ ಕಾಲ ಬೇರೆಯಿದ್ದ ದಾಯಾದಿಗಳು ಮತ್ತೆ ಒಂದೇ ಒಲೆ ಹಚ್ಚಿದ್ದನ್ನು ನಾನಂತೂ ನಮ್ಮ ಸೀಮೆಯಲ್ಲಿ ಕಂಡಿಲ್ಲ. ಈ ಒಂದು ವಿಷಯಕ್ಕೆ ಹೊಗೆಸೊಪ್ಪಿಗೆ ಕೈಮುಗಿಯುತ್ತೇನೆ.

ಫ್ಲೇಕ್ ಮಾಡುವ ಬಗೆಯನ್ನೂ ಕೇಳಿ ತಿಳಿದುಕೊಂಡೆ. ಎಲೆಯ ನಡುದಂಟು ತೆಗೆದು, ಹಬೆಯಲ್ಲಿ ಮೆತ್ತಗಾಗಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಬಿಸಿಯಲ್ಲಿ ಒತ್ತಿ ಇಟ್ಟಿಗೆ ಮಾಡುತ್ತಾರೆ. ಆ ಇಟ್ಟಿಗೆಯನ್ನು ತೆಳ್ಳಗೆ ಕೊಯ್ದರೆ ಬಿಲ್ಲೆ. ಕಾವಿಗೆ, ಒತ್ತಡಕ್ಕೆ ಎಲೆಯ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಬಣ್ಣ ಕಪ್ಪೇರುತ್ತದೆ. ಹೆಂಚಿನ ಮೇಲೆ ರೊಟ್ಟಿಗೆ ಕಂದು ಚುಕ್ಕೆ ಏಳುವುದೂ ಇದೇ ಕ್ರಿಯೆಯಿಂದ. ಆದ್ದರಿಂದ ‘ಈಗಷ್ಟೇ ಬೆಂದ ಬ್ರೆಡ್ಡಿನ ರುಚಿ’ ಎಂದು ನೀವು ಕಣ್ಣುಮುಚ್ಚಿ ಹೇಳಿದಾಗ ನಗಬಾರದೆಂದು ತೀರ್ಮಾನಿಸಿದ್ದೇನೆ. ಅದು ಬರೀ ಕವಿಸಮಯವಲ್ಲ.

ಇನ್ನು ನಿಮ್ಮ ವಿಧಿಗಳು. ಭಾವಮೈದುನ ಅವನ್ನು ಉಪನಯನದ ಪುರೋಹಿತರ ಹಾಗೆ ಒಂದೊಂದಾಗಿ ಉಪದೇಶಿಸಿದ. ಡಬ್ಬಿ ತೆಗೆದ ಕೂಡಲೇ ಸೇದಕೂಡದು; ಬಿಲ್ಲೆಯಲ್ಲಿ ಪಸೆಯಿರುತ್ತದೆ, ಕಾಗದದ ಮೇಲೆ ಹರಡಿ ಒಂದು ಗಂಟೆ ಆರಲು ಬಿಡಬೇಕು. ಮುಂದೆ ಎರಡು ಪಂಥ. ಒಂದು ಪಂಥದವರು ಬಿಲ್ಲೆಯನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡುತ್ತಾರೆ, ನಮ್ಮೂರ ಹಿರಿಯರು ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ತಿಕ್ಕುತ್ತಿದ್ದಂತೆ. ಇನ್ನೊಂದು ಪಂಥದವರು ವೀಳ್ಯದೆಲೆಯಂತೆ ಮಡಿಚಿ ಇಡಿಯಾಗಿ ತುರುಕುತ್ತಾರೆ. ಇವರಿಬ್ಬರ ಜಗಳದ ಮುಂದೆ ದ್ವೈತ-ಅದ್ವೈತ ಎಷ್ಟೋ ಮೇಲು. ಮೊದಲ ಕಡ್ಡಿ ಗೀರುವುದು ಸೇದಲಿಕ್ಕಲ್ಲ, ಮೇಲ್ಪದರ ಕರಿಯಾಗಲಿಕ್ಕೆ. ಉಬ್ಬಿದ್ದನ್ನು ಮೆಲ್ಲಗೆ ಒತ್ತಿ ಎರಡನೇ ಕಡ್ಡಿ. ಆಮೇಲೆ ಎಳೆಯಬಾರದು, ಸುಡುವ ಕಾಫಿಯನ್ನು ಹೀರುವಂತೆ ಹೀರಬೇಕು. ಮೇಲಿನ ಭಾಗದಲ್ಲಿ ಒಣಹುಲ್ಲು, ನಿಂಬೆ, ನಡುವೆ ಬೆಂದ ಹಣ್ಣು, ತಳದಲ್ಲಿ ಖಾರ. ಬುಡ ಮುಟ್ಟಲು ಒಂದು ಗಂಟೆ. ಒಮ್ಮೆ ಸೇದಿದ ಪೈಪಿಗೆ ಮರುದಿನ ರಜೆ. ನಡುವೆ ಆರಿದರೆ ಆರಲಿ. ಕೆಲವರು ಬೇಕೆಂದೇ ಆರಿಸಿ ಸಂಜೆಗೆ ಮತ್ತೆ ಹಚ್ಚುತ್ತಾರೆ, ರುಚಿ ಇಮ್ಮಡಿಸಲೆಂದು. ಎಲ್ಲರಿಗಿಂತ ಮೇಲಿನವರು ಡಬ್ಬಿ ತೆಗೆಯುವುದೇ ಇಲ್ಲ. ಐದು, ಹತ್ತು, ಇಪ್ಪತ್ತು ವರ್ಷ ಕಪಾಟಿನಲ್ಲಿಟ್ಟು ಮಾಗಿಸುತ್ತಾರೆ.

ಎಲ್ಲ ಕೇಳಿ ನನ್ನ ಮಂದಬುದ್ಧಿಗೆ ಹೊಳೆದದ್ದಿಷ್ಟು: ನಿಮ್ಮಲ್ಲಿ ಶಿಷ್ಯ ಕಡಿಮೆ ಸೇದುತ್ತಾನೆ, ಗುರು ಇನ್ನೂ ಕಡಿಮೆ, ಪರಮಗುರು ಸೇದುವುದೇ ಇಲ್ಲ. ಡಾಕ್ಟರುಗಳು ಹೆದರಿಸಿ ಮಾಡಿಸಲಾರದ್ದನ್ನು ನಿಮ್ಮ ಶಾಸ್ತ್ರ ಆಸೆ ತೋರಿಸಿ ಮಾಡಿಸುತ್ತಿದೆ.

ನಾನು ಇನ್ನೂ ಶಿಷ್ಯ. ಒಂದು ಗಂಟೆ ಆರಲು ಬಿಡಬೇಕಾದದ್ದನ್ನು ಹತ್ತು ನಿಮಿಷಕ್ಕಿಳಿಸಿ, ಊರಿನ ಮನೆಯ ಜಗಲಿಯ ಮೇಲೆ ಕೂತು ಕಡ್ಡಿ ಗೀರಿದೆ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು. ಅವಸರದಿಂದ ಎಳೆದರೆ ಧಗಧಗ ಕಾಯುತ್ತದೆ, ಒಳಗಿನ ಪಸೆ ಹಬೆಯಾಗಿ ನಾಲಿಗೆಗೆ ಬಡಿಯುತ್ತದೆ. ನೀವು ಇದನ್ನು ‘ನಾಲಿಗೆ ಕಚ್ಚುವುದು’ ಎನ್ನುತ್ತೀರಿ. ತಪ್ಪು ಪೂರ್ತಿ ನನ್ನದೇ. ಎರಡು ದಿನ ಮೊಸರನ್ನವೇ ಗತಿಯಾಯಿತು. ಮೂರನೇ ದಿನ ವಿಧಿಬದ್ಧವಾಗಿ ಮತ್ತೆ ಕೂತೆ. ಕೆಮ್ಮಿಲ್ಲ, ಉರಿಯಿಲ್ಲ, ಸಣ್ಣ ಹೊಗೆ. ಎಂಬತ್ತನಾಲ್ಕರ ನನ್ನ ದೊಡ್ಡಪ್ಪ ಎದುರಿನ ಕಲ್ಲುಬೆಂಚಿನಿಂದ ನೋಡುತ್ತಲೇ ಇದ್ದರು.

‘ಏನ್ಲಾ ಮಗ, ಊದ್ತಿದ್ದೀಯೋ, ಎಳೀತಿದ್ದೀಯೋ?’

‘ಎರಡೂ ಅಲ್ಲ ದೊಡ್ಡಪ್ಪ. ಬೆಂಕಿ ಉರೀಬಾರ್ದು, ಆರಲೂಬಾರ್ದು. ಹಂಗೆ ಹದವಾಗಿ ಕಾಯ್ಕೊಂಡಿರ್ಬೇಕು. ಅದೇ ಇದರ ಕಲೆ.’

ಅವರು ಸ್ವಲ್ಪ ಹೊತ್ತು ಪೈಪನ್ನೇ ನೋಡಿದರು. ‘ನಲವತ್ತು ವರ್ಸ ಬ್ಯಾರನ್ ಮುಂದೆ ಕೂತು ನಾನೂ ಅದನ್ನೇ ಮಾಡಿವ್ನಿ. ನನ್ನ ಯಾವನೂ ರಸಿಕ ಅನ್ಲಿಲ್ವಲ್ಲೋ.’

ರಸಿಕ ಮಹಾಶಯರೇ, ಆ ಕ್ಷಣಕ್ಕೆ ನನ್ನ ಪೈಪು ಆರಿತು.

ಬ್ಯಾರನ್ ಎಂದರೇನೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಎತ್ತರದ, ಕತ್ತಲ ಮನೆ. ಹೊರಗೆ ಒಲೆ, ಒಳಗೆ ನೆಲದುದ್ದಕ್ಕೂ ತಗಡಿನ ಪೈಪು. ನಮ್ಮಲ್ಲೂ ಪೈಪಿದೆ ನೋಡಿ, ಬಾಯಿಯಲ್ಲಿ ಹಿಡಿಸುವುದಿಲ್ಲ, ಅಷ್ಟೆ. ಕಡ್ಡಿಗೆ ಕಟ್ಟಿದ ಹಸಿ ಎಲೆ ಸಾಲು ಸಾಲಾಗಿ ಮೇಲೆ ತೂಗುತ್ತದೆ. ಮೊದಲ ಒಂದೆರಡು ದಿನ 35ರಿಂದ 40 ಡಿಗ್ರಿಯ ಸಣ್ಣ ಕಾವು. ಗಿಡದಿಂದ ಬೇರೆಯಾದರೂ ಎಲೆ ಇನ್ನೂ ಸತ್ತಿರುವುದಿಲ್ಲ. ಹಸಿವಿಗೆ ತನ್ನೊಳಗಿನ ಪಿಷ್ಟವನ್ನೇ ಸಕ್ಕರೆ ಮಾಡಿಕೊಳ್ಳುತ್ತ ಹಳದಿಯಾಗುತ್ತದೆ. ಆ ಸಕ್ಕರೆ ಕರಗಿಹೋಗುವ ಮೊದಲೇ ಕಾವೇರಿಸಿ ಬಣ್ಣ ನಿಲ್ಲಿಸಬೇಕು. ಕೊನೆಗೆ ನಡುದಂಟು ಒಣಗಲು 70 ಡಿಗ್ರಿಯ ತನಕ. ಐದಾರು ದಿನ, ಹಗಲು ರಾತ್ರಿಯೆನ್ನದೆ. ತಡವಾದರೆ ಎಲೆ ಕಂದು, ಅವಸರಿಸಿದರೆ ಹಸಿರು. ಎರಡಕ್ಕೂ ಹರಾಜು ಕಟ್ಟೆಯಲ್ಲಿ ಮುಖ ಸಿಂಡರಿಸುತ್ತಾರೆ. ಕಡ್ಡಿಯಿಂದ ಒಂದು ಎಲೆ ಜಾರಿ ಕಾದ ಪೈಪಿನ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳುತ್ತದೆ. ಒಂದು ಕೆ.ಜಿ. ಸೊಪ್ಪು ಹದವಾಗುವಷ್ಟರಲ್ಲಿ ನಾಲ್ಕೈದು ಕೆ.ಜಿ. ಸೌದೆ ಬೂದಿ. ಇದಕ್ಕೆ ನಮ್ಮ ಕಡೆ ಹೇಳುವುದೂ ‘ಹದ ಮಾಡುವುದು’ ಎಂದೇ.

ಚೋದ್ಯವೇನು ಗೊತ್ತೆ? ಇಷ್ಟೆಲ್ಲ ಬೆಂಕಿಯ ನಡುವೆ ಒಂದೆಳೆ ಹೊಗೆಯೂ ಎಲೆಗೆ ಸೋಕಕೂಡದು. ಹೊಗೆಯೆಲ್ಲ ಪೈಪಿನೊಳಗೇ ಹರಿದು ಚಿಮಣಿಯಿಂದ ಆಚೆ ಹೋಗಬೇಕು. ಹೆಸರಿಗೆ ಹೊಗೆಸೊಪ್ಪು, ಹೊಗೆ ತಗುಲಿದರೆ ಕೆಟ್ಟುಹೋಯಿತು. ಹಾಗೆ ಮಡಿಯಲ್ಲಿ ಕಾಪಾಡಿದ ಎಲೆ ನಿಮ್ಮ ಕೈಸೇರಿ, ನಿಮ್ಮ ಎಲ್ಲ ಸಂಸ್ಕಾರಗಳನ್ನು ಮುಗಿಸಿಕೊಂಡು, ಕಟ್ಟಕಡೆಗೆ ಹೊಗೆಯಾಗುತ್ತದೆ.

ಅದಕ್ಕೂ ಮೊದಲಿನ ರುಚಿ ನೋಡುವವರು ಹೊಲದಲ್ಲಿದ್ದಾರೆ. ಮಳೆಗೆ ನೆನೆದ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ, ಸುಸ್ತು. ಎಲೆಯನ್ನು ಮೊದಲು ಸವಿದವರು ಅವರೇ. ಅವರು ಅದರಲ್ಲಿ ಅಂಜೂರವನ್ನೋ ನಿಂಬೆಯನ್ನೋ ಕಂಡಂತೆ ಹೇಳಿಲ್ಲ. ಅಭಿರುಚಿ ಬೆಳೆದಿಲ್ಲ, ಪಾಪ.

ನೀವು ಇಷ್ಟು ಆದರದಿಂದ ಉಚ್ಚರಿಸುವ ‘ವರ್ಜೀನಿಯಾ’ದ ಕತೆಯೂ ಸ್ವಾರಸ್ಯವಾಗಿದೆ. ಆ ಹೆಸರು ಈಗ ಊರಿನದಲ್ಲ, ತಳಿಯದು, ಹದದ್ದು. ಅದು ಹುಣಸೂರಿನಲ್ಲೂ ಬೆಳೆಯುತ್ತದೆ. ಹೊಂಬಣ್ಣದ ಹದ ಮೊದಲು ಒದಗಿದ್ದು ವರ್ಜೀನಿಯಾದಲ್ಲೂ ಅಲ್ಲ, ಪಕ್ಕದ ನಾರ್ತ್ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ, 1839ರಲ್ಲಿ. ಅಬೈಷಾ ಸ್ಲೇಡ್ ಎಂಬ ಒಡೆಯನ ತೋಟದಲ್ಲಿ ಸ್ಟೀಫನ್ ಎಂಬ ಗುಲಾಮ ರಾತ್ರಿ ಸೊಪ್ಪಿನ ಮನೆಯ ಬೆಂಕಿ ಕಾಯುತ್ತಿದ್ದ. ನಿದ್ದೆ ಬಂತು. ಎಚ್ಚರವಾದಾಗ ಬೆಂಕಿ ಆರುವುದರಲ್ಲಿತ್ತು. ಗಾಬರಿಯಿಂದ ಕಮ್ಮಾರನ ಕುಲುಮೆಗಿಟ್ಟಿದ್ದ ಇದ್ದಿಲು ತಂದು ಸುರಿದ. ಹೊಗೆಯಿಲ್ಲದ ಬಿರುಗಾವಿಗೆ ಎಲೆ ಬಂಗಾರದ ಬಣ್ಣಕ್ಕೆ ತಿರುಗಿತು. ಒಡೆಯನಿಗೆ ಹೆಸರು ಬಂತು, ಹಣ ಬಂತು. ಸ್ಟೀಫನ್ನನಿಗೆ ಮತ್ತೊಂದು ರಾತ್ರಿಯ ಕಾವಲು ಬಂತು. ನಿಮ್ಮ ಪೈಪಿಗೆ ಒಂದು ದಿನದ ರಜೆಯಾದರೂ ಸಿಗುತ್ತದೆ.

ಸರ್ಕಾರಗಳ ರಸಿಕತೆಯನ್ನೂ ಇಲ್ಲೇ ನೆನೆಯಬೇಕು. 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ಹೊಗೆಸೊಪ್ಪನ್ನು ಬಾಯ್ತುಂಬ ಬೈದು ಒಂದು ಪುಸ್ತಿಕೆ ಬರೆದ. ಅದೇ ವರ್ಷ ಅದರ ಸುಂಕವನ್ನು ಪೌಂಡು ತೂಕಕ್ಕೆ 2 ಪೆನ್ಸಿನಿಂದ 6 ಷಿಲ್ಲಿಂಗ್ 10 ಪೆನ್ಸಿಗೆ ಏರಿಸಿದ. ಬೈಗುಳ ಒಂದು ಕೈಯಲ್ಲಿ, ಬೊಕ್ಕಸ ಇನ್ನೊಂದು ಕೈಯಲ್ಲಿ. ನಾವೇನು ಕಡಿಮೆ? ದೆಹಲಿಯ ವಾಣಿಜ್ಯ ಸಚಿವಾಲಯದ ಕೆಳಗೆ 1976ರಿಂದ ಗುಂಟೂರಿನಲ್ಲಿ ತಂಬಾಕು ಮಂಡಳಿಯಿದೆ, ಬೆಳೆ ಚೆನ್ನಾಗಿ ಬರಲಿ, ರಫ್ತಾಗಲಿ ಎಂದು ಹಾರೈಸಲು. ಅದೇ ದೆಹಲಿಯ ಆರೋಗ್ಯ ಸಚಿವಾಲಯ 2016ರಿಂದ ಪೊಟ್ಟಣದ ಶೇ. 85 ಭಾಗಕ್ಕೆ ಭಯಂಕರ ಚಿತ್ರ ಅಂಟಿಸುತ್ತಿದೆ. ಉಳಿದ ಶೇ. 15ರಲ್ಲಿ ನಮ್ಮ ದೊಡ್ಡಪ್ಪ ಸಂಸಾರ ಮಾಡಿದ್ದಾರೆ.

‘ನಾವು ಹೊಗೆಯನ್ನು ಎದೆಗೆ ಎಳೆಯುವುದೇ ಇಲ್ಲವಲ್ಲ’ ಎಂದು ನೀವು ಹೇಳುತ್ತೀರಿ. ಭಾವಮೈದುನನೂ ಹೇಳಿದ. ಪೈಪಿನ ಹೊಗೆ ಬಾಯಲ್ಲೇ ಸುಳಿದಾಡಿ ಹೊರಗೆ ಹೋದರೂ ಅದರ ನಿಕೋಟಿನ್ ಬಾಯ ಒಳಪೊರೆಯಿಂದಲೇ ರಕ್ತಕ್ಕಿಳಿಯುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರಸಿಕ, ಅರಸಿಕ ಎಂಬ ಭೇದ ತಿಳಿಯದು. ಬೆಟ್ಟದಪುರದ ಜಾತ್ರೆಗೆ ಹೋಗಿಯೂ ತೇರು ನೋಡಲಿಲ್ಲ ಎಂದವನ ಹಾಗೆ ನಿಮ್ಮ ವಾದ.

ಆದರೆ ನಿಮ್ಮನ್ನು ಪೂರ್ತಿ ಅಲ್ಲಗಳೆಯಲಾರೆ. ಒಂದು ಎಲೆಯ ಮುಂದೆ ಒಂದು ಗಂಟೆ ಸುಮ್ಮನೆ ಕೂತು ಅದು ಏನು ಹೇಳುತ್ತದೆಂದು ಆಲಿಸುವ ತಾಳ್ಮೆ ಈ ಕಾಲದಲ್ಲಿ ಯಾರಿಗಿದೆ? ನನ್ನ ತಕರಾರು ನಿಮ್ಮ ನಾಲಿಗೆಯ ಸೂಕ್ಷ್ಮದ ಮೇಲಲ್ಲ, ಅದರ ಅರೆಕುರುಡಿನ ಮೇಲೆ. ಹುಲ್ಲು, ನಿಂಬೆ, ಅಂಜೂರ, ಬ್ರೆಡ್ಡು, ಮಣ್ಣು ಎಲ್ಲವೂ ಅದಕ್ಕೆ ಸಿಗುತ್ತವೆ. ಹೊಲಕ್ಕೆ ಹೋಗದೆ ಮಣ್ಣು ಸಿಗುವ ನಾಲಿಗೆಗೆ ಆ ಮಣ್ಣಿನಲ್ಲಿ ಕಾಲಿಟ್ಟವರು ಮಾತ್ರ ಸಿಗುವುದಿಲ್ಲ.

ಎರಡನೇ ಡಬ್ಬಿಯ ವಿಷಯ ಹೇಳಿ ಮುಗಿಸುತ್ತೇನೆ. ಅದರ ಮೇಲೆ ತಾರೀಖು ಬರೆದು ಅಟ್ಟಕ್ಕೇರಿಸಿದ್ದೇನೆ. ಇಪ್ಪತ್ತು ವರ್ಷ ಮಾಗಲಿ. ಶಿಷ್ಯನಿಂದ ಪರಮಗುರುವಿನ ಹಂತಕ್ಕೆ ಒಂದೇ ಏಣಿಯಲ್ಲಿ ಹತ್ತಿದವರು ನಿಮ್ಮಲ್ಲಿ ಬೇರೆ ಯಾರೂ ಇರಲಾರರು. ತೆರೆದ ಡಬ್ಬಿ ಮೇಜಿನ ಮೇಲಿದೆ. ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿ ಮುಚ್ಚುತ್ತೇನೆ. ಪೈಪು ಮತ್ತೆ ಹೊತ್ತಿಲ್ಲ.

ಮೊನ್ನೆ ಆ ಡಬ್ಬಿಯನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. ಜೀವನದಲ್ಲಿ ಒಂದು ಬೀಡಿಯನ್ನೂ ಸೇದದವರು. ಒಂದು ಬಿಲ್ಲೆ ತೆಗೆದು ಹರಾಜು ಕಟ್ಟೆಯಲ್ಲಿ ಸೊಪ್ಪಿನ ಹೊರೆಯಿಂದ ಎಲೆ ಎಳೆದು ನೋಡುವಂತೆ ಬೆಳಕಿಗೆ ಹಿಡಿದರು, ಬೆರಳ ನಡುವೆ ಹೊಸಕಿದರು, ಮೂಗಿಗೆ ತಂದರು. ಏನು ಸಿಗುತ್ತದೆ ಹೇಳಿ ಎಂದು ನಾನು ಭಾವಮೈದುನನ ಧಾಟಿಯಲ್ಲೇ ಕೇಳಿದೆ. ಒಣದ್ರಾಕ್ಷಿಯೇ, ಆಲೆಮನೆಯೇ?

ದೊಡ್ಡಪ್ಪ ಬಿಲ್ಲೆಯನ್ನು ಮೊದಲಿದ್ದ ಜಾಗದಲ್ಲೇ ಜೋಡಿಸಿಟ್ಟು ಮುಚ್ಚಳ ಒತ್ತಿದರು.

‘ಹದ ಕೆಟ್ಟಿಲ್ಲ ಕಣ್ಲಾ. ಯಾವನೋ ನಿದ್ದೆಗೆಟ್ಟವ್ನೆ.’

ಇತಿ,
ಆರಿದ ಪೈಪೊಂದರ ಮಾಲೀಕ