ತೋಪಿನ ಸರಂಜಾಮಿನ ಪ್ರಾಧಾನ್ಯ: ಒಂದು ಶಾಸ್ತ್ರೀಯ ವಿಚಾರಣೆ

ಪ್ರಾಚೀನ ಯುದ್ಧಾಯುಧಗಳನ್ನು ಸಂಗ್ರಹಿಸುವ ಸಜ್ಜನರು ಲೋಕದಲ್ಲಿ ಎರಡು ಮತಗಳಾಗಿ ಒಡೆದಿರುವರು. ಆಯುಧವೇ ಪ್ರಧಾನ, ಪರಿಕರಗಳೆಲ್ಲ ಅಂಗಮಾತ್ರವೆನ್ನುವವರು ಮೊದಲಿಗರು. ಪರಿಕರಗಳು ಸರಿಜೋಡಿಯಾಗಿ ಕೂಡಿಬರದ ಹೊರತು ಆಯುಧವು ಆಯುಧವೇ ಅಲ್ಲವೆನ್ನುವವರು ಎರಡನೆಯವರು. ಈ ಎರಡನೆಯ ಮತವನ್ನು ಇನ್ನಷ್ಟು ಮುಂದೊಯ್ದು, ಪರಿಕರವೇ ಪ್ರಧಾನವೆಂದೂ ಆಯುಧವು ಅದನ್ನು ತೂಗುಹಾಕಲು ಒದಗಿದ ಗೂಟವೆಂದೂ, ಬೀದರ ಸೀಮೆಯ ಪ್ರಮಾಣಗಳಿಂದಲೇ ಸಿದ್ಧಪಡಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

ಮೊದಲು ಪೂರ್ವಪಕ್ಷ. ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ 303 ಬಂದೂಕವೊಂದು ದೊರೆತ ಮಾತ್ರಕ್ಕೆ ಸಂಗ್ರಾಹಕನಿಗೆ ನಿದ್ರೆ ಬಾರದು. ಬೋಲ್ಟಿನ ಮೇಲಣ ಸಂಖ್ಯೆಯೂ ಒಡಲಿನ ಮೇಲಣ ಸಂಖ್ಯೆಯೂ ಒಂದೇ ಆಗಿರಬೇಕು, 1907ರ ಮಾದರಿಯ ಸಂಗೀನು ಬೇಕು, ಹಿಡಿಯ ಬುಡದಲ್ಲಿ ಹಿತ್ತಾಳೆಯ ಪುಟ್ಟ ಮುಚ್ಚಳವನ್ನು ತೆರೆದರೆ ಒಳಗೆ ಎಣ್ಣೆಯ ಬಾಟಲಿಯೂ, ಸಿಪಾಯಿಗಳು ಫುಲ್ತ್ರು ಎಂದು ಕರೆಯುವ ನಳಿಗೆ ಒರೆಸುವ ಹುರಿಯೂ ಇರಬೇಕು. ಇವೆಲ್ಲ ಕೂಡಿದ ದಿನ ಅವನು ಮುಕ್ತನಾಗುವನೋ ಎಂದರೆ, ಅಲ್ಲಿಗೆ 1959ರ ಆಯುಧ ಕಾಯಿದೆಯು ಪ್ರವೇಶಿಸುತ್ತದೆ. ಅದರ 45ನೆಯ ಕಲಮು ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜ. ಆದರೆ ಆ ಆಯುಧವು ದುರಸ್ತಿಯಿಲ್ಲದೆಯಾಗಲಿ ದುರಸ್ತಿ ಮಾಡಿಯಾಗಲಿ ಬಳಕೆಗೆ ಬಾರದಷ್ಟು ಕೆಟ್ಟಿರಬೇಕು. ಆದುದರಿಂದ ತನ್ನ ನಿಧಿಯು ಸರ್ವಥಾ ನಿಷ್ಪ್ರಯೋಜಕವೆಂದು ಠಾಣೆಯಲ್ಲಿ ಬೆಳಗ್ಗೆ ಸಾಧಿಸಿ, ಅದು ಸರ್ವಾಂಗಸುಂದರವೆಂದು ಅತಿಥಿಗಳ ಮುಂದೆ ಸಂಜೆ ಸಾಧಿಸುವ ದ್ವಿವಿಧ ಪಾಂಡಿತ್ಯವು ಸಂಗ್ರಾಹಕನಿಗೆ ಅವಶ್ಯವಾಗುವುದು. ಇಂಥ ಕ್ಲೇಶವಿಲ್ಲದ ಆಯುಧವು ಒಂದೇ: ಕೋಟೆಯ ತೋಪು. ಅದನ್ನು ಮನೆಗೆ ಒಯ್ಯಲಾಗದು. ಒಯ್ಯಲಾಗದುದಕ್ಕೆ ಲೈಸೆನ್ಸೂ ಬೇಡ.

ಬೀದರ ಕೋಟೆಯ 37 ಬುರುಜುಗಳನ್ನು ಸುತ್ತಿದವರು ಬಲ್ಲರು. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಕೂಡಿಸಿ, ಬಳೆಗಳಿಂದ ಬಿಗಿದು ಬೆಸೆದು, ಕನ್ನಡಿಯಂತೆ ನಯಗೊಳಿಸಿ, ಮೈಮೇಲೆ ಲಿಪಿಯನ್ನೂ ಬಳ್ಳಿಯನ್ನೂ ಕೊರೆದ ಆ ತೋಪುಗಳು ಮುಂಡಾ ಬುರುಜು ಮೊದಲಾದೆಡೆ ಇಂದಿಗೂ ಮಲಗಿವೆ. ಇಲ್ಲದಿರುವುವು ಗಜ, ಬತ್ತಿ, ಮದ್ದಿನ ಚೀಲ, ಗಾಡಿ ಇತ್ಯಾದಿ ಸರಂಜಾಮು. ಯಾವುದು ಬೇಗ ಮಾಯವಾಗುವುದೋ ಅದೇ ಅಮೂಲ್ಯವೆಂಬುದು ಸಂಗ್ರಹಶಾಸ್ತ್ರದ ಮೊದಲ ಸೂತ್ರ.

ಇತಿಹಾಸವೂ ಇದನ್ನೇ ಅನುಮೋದಿಸುತ್ತದೆ. 1657ರಲ್ಲಿ ಔರಂಗಜೇಬನು ಮುತ್ತಿದಾಗ, ಬಿಜಾಪುರದ ಪರವಾಗಿ ಕೋಟೆಯನ್ನು ಕಾದಿದ್ದ ವೃದ್ಧ ಸಿದ್ದಿ ಮರ್ಜಾನನು ಕೆಡೆದದ್ದು ಶತ್ರುವಿನ ಗುಂಡಿಗಲ್ಲ. ಬುರುಜಿನ ಬಳಿ ತಾನೇ ಕೂಡಿಟ್ಟಿದ್ದ ಮದ್ದಿಗೆ ಕಿಡಿ ಬಿದ್ದು, ಮಕ್ಕಳೊಡನೆ ಬೆಂದು, ಕೀಲಿಕೈಗಳನ್ನು ಒಪ್ಪಿಸಿ ಪ್ರಾಣಬಿಟ್ಟನು. ಆಗ ವಶವಾದ ಸೊತ್ತಿನ ಲೆಕ್ಕವನ್ನು ಗಮನಿಸಬೇಕು: ಮದ್ದು ಮೊದಲಾದ ಯುದ್ಧಸಾಮಗ್ರಿಗೆ ಎಂಟು ಲಕ್ಷ ರೂಪಾಯಿ ಬೆಲೆ ಕಟ್ಟಿದವರು, 230 ತೋಪುಗಳನ್ನು ಬರಿದೆ ಎಣಿಸಿ ಬಿಟ್ಟರು. ಮುಂದೆ 1696ರಲ್ಲಿ, ಮಹಮೂದ ಗವಾನನು 1472ರಲ್ಲಿ ಮುಗಿಸಿದ ಮದರಸಾದ ಮುಂಭಾಗವು ಒಂದು ಮಿನಾರು ಸಹಿತ ಹಾರಿಹೋಯಿತು. ಸಿಡಿಲು ಕಾರಣವೆನ್ನುವವರೂ ಉಂಟು, ಒಳಗೆ ತುಂಬಿದ್ದ ಮದ್ದು ಕಾರಣವೆನ್ನುವವರೂ ಉಂಟು, ಎರಡೂ ಕೂಡಿದುವೆನ್ನುವ ಸಮನ್ವಯವಾದಿಗಳೂ ಉಂಟು. ತೋಪೊಂದು ತನ್ನ ಒಡೆಯನ ವಿದ್ಯಾಶಾಲೆಯನ್ನು ಉರುಳಿಸಿದ ವಾರ್ತೆಯನ್ನು ಮಾತ್ರ ಈ ಊರಿನಲ್ಲಿ ಯಾರೂ ಹೇಳಿಲ್ಲ. ಇನ್ನು, ಬಿದರಿಯ ಕುಸುರಿಗಾರರು ಸತುವು-ತಾಮ್ರದ ಪಾತ್ರೆಗೆ ಕಪ್ಪೇರಿಸಲು ನವಸಾಗರದೊಡನೆ ಬೆರೆಸುವ ಕೋಟೆಯ ಹಳೆಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶವಿದೆಯೆನ್ನುವರು. ಮದ್ದಿನ ನಾಲ್ಕರಲ್ಲಿ ಮೂರು ಪಾಲು ಇದೇ ಪೆಟ್ಲುಪ್ಪು, ಉಳಿದುದು ಇದ್ದಿಲು, ಗಂಧಕ. ಹೀಗಾಗಿ ಮನೆಯ ಕಪಾಟಿನಲ್ಲಿ ಬಿದರಿಯ ಹೂದಾನಿಯನ್ನಿಟ್ಟವರೆಲ್ಲರೂ ತಮಗರಿಯದೆಯೇ ನಮ್ಮ ಪಂಥಕ್ಕೆ ಸೇರಿದವರೆಂದು ಭಾವಿಸಲು ಅಡ್ಡಿಯಿಲ್ಲ.

ಭಾಲ್ಕಿಯ ಗೃಹಸ್ಥರೊಬ್ಬರ ದೃಷ್ಟಾಂತವನ್ನು ಇಲ್ಲಿ ಉದಾಹರಿಸದಿದ್ದರೆ ಶಾಸ್ತ್ರಕ್ಕೆ ಲೋಪವಾದೀತು. ಅವರಲ್ಲಿರುವುದು ಕಲ್ಲಿನ ಗುಂಡೊಂದು ಮಾತ್ರ. ಅದಕ್ಕೆ ಸರಿಹೊಂದುವ ತೋಪನ್ನು ಅರಸುತ್ತ ಅವರು ದಾರ ಹಿಡಿದು ಬುರುಜಿನಿಂದ ಬುರುಜಿಗೆ ತೋಪಿನ ಬಾಯಿಗಳನ್ನು ಅಳೆಯುತ್ತಿರುವರು. ಔರಾದಿನ ಅವರ ಮಿತ್ರರು, ನಿವೃತ್ತ ಗುಮಾಸ್ತರು, ಅದು ಅನಾದಿಯಿಂದಲೂ ಒರಳಿನ ಗುಂಡೇ ಎಂದು ವಾದಿಸಿ ಪ್ರತಿಪಂಥವನ್ನು ಸ್ಥಾಪಿಸಿದ್ದಾರೆ. ವಾದವು ಪರಾಕಾಷ್ಠೆಗೆ ಮುಟ್ಟಿದ್ದಾಗ ಒಳಮನೆಯಿಂದ ಸೊಸೆಯು, "ಮಾವಾರ, ಖಾರ ಅರಿಯೋ ಗುಂಡ ಎಲ್ಲಿಟ್ಟೀರಿ?" ಎಂದು ಕೇಳಿದುದನ್ನು ಔರಾದ ಪಂಥದವರು ಪ್ರತ್ಯಕ್ಷ ಪ್ರಮಾಣವೆನ್ನುವರು, ಗುಂಡಿನ ಇಂದಿನ ಉದ್ಯೋಗದಿಂದ ಅದರ ಕುಲವನ್ನು ನಿರ್ಣಯಿಸಲಾಗದೆಂಬುದು ಭಾಲ್ಕಿ ಪಂಥದ ಉತ್ತರ.

ಈ ಉಭಯ ಪಂಥಗಳೂ ಒಪ್ಪುವ ಪರಿಕರವು ಒಂದಿದೆ. ಭಾರದ ತೋಪನ್ನು ದಖ್ಖಣದ ಕರಿನೆಲದಲ್ಲಿ ಎಳೆದದ್ದು ಎತ್ತು. ಆ ಎತ್ತಿನ ಸಂತತಿಯೆನ್ನಬಹುದಾದ ದೇವಣಿ ತಳಿಯು ಭಾಲ್ಕಿ, ಔರಾದ ತಾಲೂಕುಗಳಲ್ಲಿ ಇಂದಿಗೂ ಜೀವಂತವಾಗಿ ಲಭ್ಯ. ಸರಿಜೋಡಿಯ ವಿಷಯದಲ್ಲಂತೂ ನಮ್ಮ ಸಂಗ್ರಾಹಕರು ರೈತನ ಪಾದದಲ್ಲಿ ಕುಳಿತು ಕಲಿಯಬೇಕು. ಕೋಡು, ನಿಲುವು, ಹಲ್ಲು, ಮುಖದ ಕಪ್ಪು ಇವುಗಳಲ್ಲಿ ಎಳ್ಳಷ್ಟು ವ್ಯತ್ಯಾಸ ಕಂಡರೂ ಅವನು ಜೋಡಿಯನ್ನು ಒಪ್ಪುವುದಿಲ್ಲ. ಅದಕ್ಕೂ ಮಿಗಿಲಾಗಿ, ಇಂದು ಎತ್ತಿನ ಕಿವಿಯಲ್ಲಿ ಸರ್ಕಾರದ ಹಳದಿ ಬಿಲ್ಲೆಯಿದೆ, ಅದರಲ್ಲಿ ಹನ್ನೆರಡು ಅಂಕಿಯ ಸಂಖ್ಯೆಯಿದೆ. ಸಂಖ್ಯೆಗೆ ಸಂಖ್ಯೆ ತಾಳೆಯಾಗಲೇಬೇಕೆಂಬ 303ರ ಮತದವರ ಸಮಾಧಾನಕ್ಕಾಗಿ, ಮುಂಡಾ ಬುರುಜಿನ ತೋಪಿಗೂ ಅಂಥದೇ ಬಿಲ್ಲೆಯನ್ನು ತೊಡಿಸಬೇಕೆಂದು ಪುರಾತತ್ತ್ವ ಇಲಾಖೆಗೆ ಅರ್ಜಿಯೊಂದು ಸಿದ್ಧವಾಗಿದೆ. ಉತ್ತರ ಬರುವ ತನಕ ಎತ್ತುಗಳನ್ನು ಯಾರ ಅಂಗಳದಲ್ಲಿ ಕಟ್ಟಬೇಕು, ಕಣಿಕೆಯ ಖರ್ಚನ್ನು ಯಾರು ಹೊರಬೇಕೆಂಬ ವಿಷಯದಲ್ಲಿ ಭಾಲ್ಕಿ ಔರಾದಗಳಿಗೆ ಪತ್ರವ್ಯವಹಾರ ನಡೆದಿದೆ.