ಗೋಲು ಯಾರಿಗೆ, ಗೋಳು ಯಾರಿಗೆ?

(ಪೂರ್ವ ಲಂಡನ್ನಿನ ಸ್ಟ್ರ್ಯಾಟ್‌ಫರ್ಡ್. ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಸ್ಕಾರ್ಫ್ ಸುತ್ತಿಕೊಂಡ ಅಭಿಮಾನಿಯೊಬ್ಬ ಬುಸುಗುಡುತ್ತ ಕೆಫೆಗೆ ಬರುತ್ತಾನೆ.)

ಅಭಿಮಾನಿ: ಒಂದು ಸ್ಟ್ರಾಂಗ್ ಟೀ ಕೊಡು ಮಾರಾಯ. ಕೌನ್ಸಿಲ್ ಟ್ಯಾಕ್ಸ್ ಏರ್ತಾನೇ ಇದೆ, ರಸ್ತೆಗುಂಡಿ ಇಳೀತಾನೇ ಇದೆ!

ಕೆಫೆಯವ: ದುಡ್ಡೆಲ್ಲ ಎಲ್ಲಿಗೆ ಹೋಗ್ತದೋ ಸ್ವಾಮಿ?

ಅಭಿಮಾನಿ: ಸರ್ಕಾರದ ಮನೇಲಿ ಕೂತು ಬಿಟ್ಟಿ ತಿನ್ನೋರಿಗೆ!

ಕೆಫೆಯವ: ನಿಮ್ಮ ತಂಡ ಆಡೋದು ಯಾರ ಮನೇಲಿ?

ಅಭಿಮಾನಿ: 2012ರ ಒಲಿಂಪಿಕ್ಸಿಗೆ ಕಟ್ಟಿದ ಸ್ಟೇಡಿಯಂ. 2016ರಲ್ಲಿ ಬಾಡಿಗೆಗೆ ಬಂದ್ವಿ, 99 ವರ್ಷಕ್ಕೆ.

ಕೆಫೆಯವ: ಫುಟ್‌ಬಾಲಿಗೆ ಒಗ್ಗಿಸೋಕೆ 32.3 ಕೋಟಿ ಪೌಂಡ್ ಆಯ್ತಂತೆ. ನೀವೇ ಕೊಟ್ರಾ?

ಅಭಿಮಾನಿ: ಕ್ಲಬ್ಬು ಒಂದೂವರೆ ಕೋಟಿ ಕೊಟ್ಟಿದೆಯಪ್ಪಾ! ನಾವೇನು ಪುಕ್ಕಟೆ ಗಿರಾಕಿಗಳೇ?

ಕೆಫೆಯವ: ಛೆ ಛೆ! ಗೋಲ್‌ಪೋಸ್ಟು, ಮೂಲೆ ಬಾವುಟದ ಖರ್ಚು?

ಅಭಿಮಾನಿ: ಅದು ಮನೆ ಓನರ್ ಲೆಕ್ಕ. ಬಾಡಿಗೆಗೆ ಕೊಟ್ಟ ಮೇಲೆ ಬಾಗಿಲು ಹಾಕಿಸಿಕೊಡಬೇಡ್ವಾ?

ಕೆಫೆಯವ: ಓನರ್ ಯಾರು?

ಅಭಿಮಾನಿ: ಸಾರ್ವಜನಿಕರು.

ಕೆಫೆಯವ: ಅಂದ್ರೆ ನಾನು! 2023ರಲ್ಲಿ ರೈಸ್ ಮಾರಿದ್ರಲ್ಲ, ನನ್ನ ಪಾಲು?

ಅಭಿಮಾನಿ: ನಮ್ಮ ಆಟಗಾರ ಡೆಕ್ಲಾನ್ ರೈಸಾ? ಆರ್ಸೆನಲ್ ಕ್ಲಬ್ಬು 10 ಕೋಟಿ ಪೌಂಡ್ ಕೊಡ್ತು. ಅದು ಕ್ಲಬ್ಬಿನ ಖಾಸಗಿ ವ್ಯವಹಾರ!

ಕೆಫೆಯವ: ತಿಳೀತು. ಒಲೆ, ಸೌದೆ ಸಾರ್ವಜನಿಕ. ಬೆಂದ ರೈಸು ಖಾಸಗಿ.

ಅಭಿಮಾನಿ: ಸಾಕು, ಟೀ ಎಷ್ಟು?

ಕೆಫೆಯವ: ಎರಡು ಪೌಂಡ್.

ಅಭಿಮಾನಿ: ಹಗಲುದರೋಡೆ! ಬಡವರು ಬದುಕೋದು ಹೇಗೆ?

ಕೆಫೆಯವ: ಕ್ಲಬ್ ಕಟ್ಟಿಕೊಂಡು ಬನ್ನಿ ಸ್ವಾಮಿ. ಟೀ ನಿಮ್ಮದು, ಲೋಟ ತೊಳೆಯೋ ಖರ್ಚು ಸರ್ಕಾರದ್ದು!